ಹದಿನೇಳನೇ ಪ್ರಶ್ನೆ

ಅಕ್ಕನಿಗೆ ಆಫೀಸಿನಲ್ಲಿ ‘ಕೆಂಪು ಪೆನ್ಸಿಲ್’ ಅಂತ ಅಡ್ಡಹೆಸರು. ಇಟ್ಟವರು ಯಾರೋ, ಇಪ್ಪತ್ತೆರಡು ವರ್ಷದಿಂದ ಅಂಟಿಕೊಂಡದ್ದು ಬಿಟ್ಟಿರಲಿಲ್ಲ. ಪಟ್ಟಣದಲ್ಲಿ ಯಾರೇ ಮನೆ ಕಟ್ಟಲಿ, ಅಂಗಡಿ ಕಟ್ಟಲಿ, ನಕ್ಷೆಗೆ ಮಂಜೂರಾತಿ ಬೇಕಾದರೆ ಎರಡನೇ ಮಹಡಿಯ ಕೊನೆಯ ಕೋಣೆಯಲ್ಲಿ ಕಿಟಕಿಗೆ ಬೆನ್ನು ಹಾಕಿ ಕೂತ ಅವಳ ಮೇಜಿಗೆ ಅದು ಬರಲೇಬೇಕು. ಅವಳ ಕೆಲಸ ಅಳೆಯುವುದು. ಗೋಡೆಯ ಒಳಮೈಯಿಂದ ಎದುರುಗೋಡೆಯ ಒಳಮೈಗೆ ಎಷ್ಟು ನೆಲ ಸಿಗುತ್ತದೋ ಅದು ಕಾರ್ಪೆಟ್ ಏರಿಯಾ. ಗೋಡೆಯ ದಪ್ಪ ಆ ಲೆಕ್ಕಕ್ಕೆ ಬರುವುದಿಲ್ಲ. ಮಿತಿ ಅಂಗುಲ ಮೀರಿದರೂ ಕೆಂಪು ಗೆರೆ. ಜನ ಬೈದುಕೊಂಡೇ ಮೆಟ್ಟಿಲಿಳಿಯುತ್ತಿದ್ದರು. ‘ಈ ಹೆಂಗಸಿಗೆ ಮನೇಲಿ ಹೇಳೋರು ಕೇಳೋರು ಯಾರೂ ಇಲ್ವಾ?’ ಎಂದು ಒಬ್ಬನಂತೂ ಎದುರಿಗೇ ಕೇಳಿದ್ದ. ಇರಲಿಲ್ಲ, ನಿಜ. ಮದುವೆ ಆಗಿರಲಿಲ್ಲ, ಅಪ್ಪ ಅವಳ ಚಿಕ್ಕಂದಿನಲ್ಲೇ ಹೋಗಿದ್ದ, ಅಮ್ಮ ಹೋಗಿ ಒಂಬತ್ತು ವರ್ಷ. ಇದ್ದವನು ಒಬ್ಬ ತಮ್ಮ.

ಅಮ್ಮ ಹೋದ ಕತೆಯನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ತಮ್ಮ ಆರ್ಕಿಟೆಕ್ಟ್. ಕಟ್ಟುತ್ತಿದ್ದ ಕಟ್ಟಡವೊಂದರ ಸಾರುವೆ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡ. ದೊಡ್ಡಾಸ್ಪತ್ರೆಯಲ್ಲಿ ನಲವತ್ತೊಂದು ದಿನ. ಅಲ್ಲಿ ರೋಗಿಯ ಕಡೆಯವರು ಸಂಜೆಯ ಮೇಲೆ ವಾರ್ಡಿನೊಳಗೆ ಇರುವ ಹಾಗಿಲ್ಲ. ಸರಿ, ಮನೆಗೆ ಹೋಗೋಣವೆಂದರೆ ಅದೂ ಆಗುವ ಮಾತಲ್ಲ! ಯಾವ ಹೊತ್ತಿನಲ್ಲಾದರೂ ನರ್ಸು ಬಾಗಿಲಿಗೆ ಬಂದು ಹಾಸಿಗೆ ನಂಬರು ಕೂಗುತ್ತಾಳೆ, ಔಷಧಿ ತನ್ನಿ, ರಕ್ತ ತನ್ನಿ, ಇಲ್ಲಿ ಸಹಿ ಹಾಕಿ ಅಂತ. ಓಗೊಡುವವರು ಇಲ್ಲದಿದ್ದರೆ ರೋಗಿ ಹಾಗೇ ಬಿದ್ದಿರಬೇಕು. ಹಾಗಾಗಿ ನೂರಾರು ಜನ ಕಾರಿಡಾರಿನಲ್ಲಿ, ಲಿಫ್ಟಿನ ಬಾಗಿಲಲ್ಲಿ, ಸೈಕಲ್ ಸ್ಟ್ಯಾಂಡಿನಲ್ಲಿ ಚಾಪೆ ಹಾಕುತ್ತಿದ್ದರು. ಅಮ್ಮನಿಗೆ ಸಿಕ್ಕಿದ್ದು ಮೆಟ್ಟಿಲ ಕೆಳಗಿನ ಮೂಲೆ. ಉದ್ದ ನಾಲ್ಕಡಿ. ಅಕ್ಕ ಆಮೇಲೊಂದು ದಿನ ಹೋಗಿ ಟೇಪು ಹಿಡಿದು ಅಳೆದು ಬಂದಿದ್ದಳು.

‘ಅಮ್ಮಾ, ಇವತ್ತೊಂದಿನ ಮನೆಗೆ ಹೋಗಿ ಮಲಕ್ಕೋ. ನಾನಿರ್ತೀನಿ,’ ಎಂದು ದಿನಾ ಹೇಳುತ್ತಿದ್ದಳು.

‘ನೀನು ಬೆಳಗಾದ್ರೆ ಕೆಲಸಕ್ಕೆ ಹೋಗೋಳು. ನನಗೇನಾಗಿದೆ ಇಲ್ಲಿ? ಕಾಲು ನೀಡೋಕಾಗಲ್ಲ ಅನ್ನೋದೊಂದು ಬಿಟ್ರೆ ಅರಮನೆ ಕಣೇ,’ ಎನ್ನುತ್ತಿದ್ದಳು ಅಮ್ಮ. ಅವಳು ತಮಾಷೆಯ ಹೆಂಗಸು. ಮೂವತ್ತಾರನೇ ದಿನ ಕೆಮ್ಮು ಹತ್ತಿತು. ಜ್ವರ ಬಂದದ್ದನ್ನು ಯಾರಿಗೂ ಹೇಳಲಿಲ್ಲ, ಹೇಳಿದರೆ ಹೊರಗೆ ಕಳಿಸಿಬಿಡುತ್ತಾರೆ ಎಂಬ ಭಯ. ನಲವತ್ತೊಂದನೇ ದಿನ ಬೆಳಿಗ್ಗೆ, ಮಗನನ್ನು ಮೊದಲ ಸಲ ಎಬ್ಬಿಸಿ ನಿಲ್ಲಿಸಿದ ದಿನವೇ, ಗುಡಿಸಲು ಬಂದ ಆಯಾ ಅವಳನ್ನು ಮುಟ್ಟಿ ನೋಡಿ ಕೂಗಿಕೊಂಡಳು. ಮಂಡಿ ಮಡಚಿಕೊಂಡೇ ಹೋಗಿದ್ದಳು. ಅಕ್ಕ ಎರಡೂ ಕೈಯಿಂದ ಒತ್ತಿದಳು, ಮಂಡಿ ನೆಟ್ಟಗಾಗಲಿಲ್ಲ. ‘ಸ್ವಲ್ಪ ಹೊತ್ತು ಬಿಡಮ್ಮ, ಆಮೇಲೆ ಆಗುತ್ತೆ,’ ಎಂದಳು ಆಯಾ. ಹುಷಾರಾಗಬೇಕಾದವನು ಹುಷಾರಾದ, ಕಾಯಲು ಬಂದವಳು ಹೋದಳು. ಇಂಥ ಅನ್ಯಾಯಕ್ಕೆ ಯಾರನ್ನು ಹಿಡಿದು ಕೇಳುವುದು?

ತಮ್ಮ ಅಂದಿನಿಂದ ಒಂದು ಕಾಲು ಎಳೆದುಕೊಂಡು ನಡೆಯುತ್ತಿದ್ದ. ಟೈರು ಅಂಗಡಿಯ ಮೇಲೆ ಎರಡು ಕೋಣೆಯ ಆಫೀಸು ಮಾಡಿಕೊಂಡು ಸಿಕ್ಕಿದ ಮನೆ, ಶೆಡ್ಡು, ಕಾಂಪೌಂಡು ಮಾಡಿಕೊಡುತ್ತಿದ್ದ. ವಿನ್ಯಾಸ ಸ್ಪರ್ಧೆ ಎಂದು ಎಲ್ಲಿ ಕಂಡರೂ ನುಗ್ಗುತ್ತಿದ್ದ. ಹದಿಮೂರು ಸ್ಪರ್ಧೆ, ಹದಿಮೂರು ಸೋಲು. ಅಕ್ಕ ನಗುತ್ತಿದ್ದಳು: ‘ಸೋಲೋದ್ರಲ್ಲಾದ್ರೂ ನಿನಗೊಂದು ಬಹುಮಾನ ಕೊಡ್ಬೇಕು ಕಣೋ.’ ಅವನೂ ನಗುತ್ತಿದ್ದ. ಹದಿನಾಲ್ಕನೆಯದು ಬಂದಾಗ ಇಬ್ಬರೂ ನಗಲಿಲ್ಲ.

ಅದು ಅದೇ ದೊಡ್ಡಾಸ್ಪತ್ರೆಯ ಸ್ಪರ್ಧೆ. ರೋಗಿಗಳ ಕಡೆಯವರಿಗೆ ಒಂದು ತಂಗುಮನೆ ಕಟ್ಟಬೇಕು, ವಾರ್ಡಿನ ಕೂಗು ಕೇಳುವಷ್ಟು ಹತ್ತಿರ. ತಮ್ಮ ನಿಯಮಗಳ ಪುಸ್ತಕ ತಂದು ಅಕ್ಕನ ಊಟದ ಮೇಜಿನ ಮೇಲಿಟ್ಟ.

‘ಅಕ್ಕ, ಇದೊಂದು ನನಗೆ ಬೇಕು. ಉಳಿದ ಹದಿಮೂರೂ ಹಾಳಾಗಿ ಹೋಗ್ಲಿ. ಅಮ್ಮ ನನಗೋಸ್ಕರ ಅಲ್ಲಿ ಮುದುಡ್ಕೊಂಡು ಸತ್ಲು. ಅಲ್ಲಿ ನಾನೇ ಕಟ್ಟಬೇಕು. ನಾನೇ.’

ಸ್ಪರ್ಧೆಗೆ ಹೆಸರು ಅವನದು. ಅಕ್ಕ ನೆರವಾಗಬಹುದೇ ಎಂದು ಅವಳು ನಿಯಮ ಎರಡು ಸಲ ಓದಿದಳು, ಅಡ್ಡಿ ಇರಲಿಲ್ಲ. ಆದರೂ ಸಾಹೇಬರಿಗೆ ಒಂದು ಚೀಟಿ ಬರೆದು ಒಪ್ಪಿಗೆ ತಗೊಂಡಳು. ಅವಳು ಅಂಥವಳು, ಏನು ಮಾಡುವುದು.

ಪುಸ್ತಕ ಓದುತ್ತಾ ಹೋದಂತೆ ಇಬ್ಬರಿಗೂ ಎದೆ ಒಡೆಯಿತು. ದಾನಿಗಳು ನೆಲದ ಲೆಕ್ಕದ ಮೇಲೆ ಹಣ ಕೊಟ್ಟದ್ದರಿಂದ ಕಾರ್ಪೆಟ್ ಏರಿಯಾ ಮುನ್ನೂರು ಚದರ ಮೀಟರ್ ಮೀರಬಾರದು. ಅದರಲ್ಲಿ ನೂರ ಇಪ್ಪತ್ತು ಜನಕ್ಕೆ ಮಲಗುವ ವ್ಯವಸ್ಥೆ. ಜೊತೆಗೆ ಸ್ನಾನದ ಮನೆ, ಪಾಯಿಖಾನೆ, ಅಡುಗೆಗೆ ಜಾಗ, ಸಾಮಾನಿಡುವ ಕೋಣೆ. ಬರುವವರಲ್ಲಿ ಮುದುಕರು ಹೆಚ್ಚು, ಹಾಗಾಗಿ ಒಂದರ ಮೇಲೊಂದು ಮಂಚ ಕೂಡದು. ತಮ್ಮ ಗೀಚಿ ನೋಡಿದ. ಬಚ್ಚಲು, ಅಡುಗೆ ಎಲ್ಲ ಕಳೆದು ಉಳಿದದ್ದು ನೂರ ಎಪ್ಪತ್ತು ಚದರ ಮೀಟರ್. ಮಂಚಕ್ಕೆ ಮಂಚ ತಾಗಿಸಿ ನೂರ ಇಪ್ಪತ್ತು ಇಟ್ಟರೆ ಅಷ್ಟೂ ಭರ್ತಿ. ನಡೆಯಲು ಜಾಗವೇ ಇಲ್ಲ, ಒಬ್ಬರ ಹೊಟ್ಟೆ ತುಳಿದು ಇನ್ನೊಬ್ಬರು ಹೋಗಬೇಕು.

‘ಇದನ್ನ ಬರೆದೋನು ಒಂದಿನ ಆದ್ರೂ ಆಸ್ಪತ್ರೇಲಿ ಮಲಗಿದಾನಾ?’ ಎಂದು ತಮ್ಮ ಪೆನ್ಸಿಲ್ ಎಸೆದ. ಮೂರು ವಾರ ದಿನಾ ಎಸೆದ. ಮಂಚ ಕಿರಿದು ಮಾಡಿದ, ಪಾಯಿಖಾನೆ ಕಿರಿದು ಮಾಡಿದ, ಅಡುಗೆ ಜಾಗ ತೆಗೆದೇ ಹಾಕಿ ಮತ್ತೆ ಸೇರಿಸಿದ. ನೂರ ಇಪ್ಪತ್ತು ನೂರ ಇಪ್ಪತ್ತಾಗಿಯೇ ಉಳಿಯಿತು.

ದಾರಿ ಸಿಕ್ಕಿದ್ದು ಅಕ್ಕನ ಆಫೀಸಿನಲ್ಲಿ, ಅದೂ ಒಬ್ಬ ಕಳ್ಳನಿಂದ. ಕಳ್ಳ ಎಂದರೆ ಬಟ್ಟೆ ಅಂಗಡಿಯವನು. ಅಂಗಡಿಯ ನೆಲ ಮಿತಿ ಮೀರದಂತೆ ತೋರಿಸಲು ಅವನು ಗೋಡೆಯನ್ನೇ ಮೂರಡಿ ದಪ್ಪ ಬರೆಸಿಕೊಂಡು ಬಂದಿದ್ದ. ಆ ದಪ್ಪದೊಳಗೆ ಗೂಡು ಕೊರೆದು ಬಟ್ಟೆ ತುಂಬುವ ಉಪಾಯ. ಇಪ್ಪತ್ತೆರಡು ವರ್ಷದಲ್ಲಿ ಇಂಥವರನ್ನು ಅಕ್ಕ ನೂರು ಜನ ನೋಡಿದ್ದಳು. ಅಭ್ಯಾಸದಂತೆ ಕೆಂಪು ಪೆನ್ಸಿಲ್ ಎತ್ತಿ ‘ಗೋಡೆ ಇಷ್ಟು ದಪ್ಪ ಏಕೆ?’ ಎಂದು ಬರೆದಳು. ಬರೆದವಳು ಅಲ್ಲೇ ನಿಂತುಬಿಟ್ಟಳು. ಆ ಗೂಡಿನೊಳಗೆ ಬಟ್ಟೆಯ ಬದಲು ಅವಳಿಗೆ ಅಮ್ಮ ಕಂಡಳು, ಕಾಲು ನೀಡಿಕೊಂಡು ಮಲಗಿದ ಅಮ್ಮ.

ಗೋಡೆ ನೆಲವಲ್ಲ. ಗೋಡೆಯೊಳಗೆ ಮಲಗಿದವರು ನೆಲದ ಮೇಲೆ ಮಲಗಿದಂತಲ್ಲ!

ಅರ್ಧ ದಿನ ರಜೆ ಹಾಕಿ ಟೈರು ಅಂಗಡಿಯ ಮಹಡಿ ಹತ್ತಿದಳು. ತಮ್ಮ ಅವಳ ಮಾತು ಕೇಳಿ ಹಾಳೆ ಎಳೆದುಕೊಂಡು ಗೆರೆ ಹಾಕತೊಡಗಿದ. ಉದ್ದಕ್ಕೆ ಹೋದ ದಪ್ಪ ಗೋಡೆಗಳು, ನಡುವೆ ನಡೆಯುವ ದಾರಿ, ದಾರಿಯ ಎರಡೂ ಕಡೆ ಗೋಡೆಯಲ್ಲಿ ಸಾಲು ಗೂಡು. ಗೂಡಿಗೊಂದು ಪರದೆ, ತಲೆ ಹತ್ತಿರ ಸಣ್ಣ ಕಿಟಕಿ, ವಾರ್ಡಿನ ಕಡೆಗೆ ತೆರೆದುಕೊಂಡದ್ದು, ಕೂಗು ಕೇಳಲಿ ಎಂದು. ಪ್ರತಿ ಗೂಡೂ ಆರೂಕಾಲು ಅಡಿ ಉದ್ದ. ಲೆಕ್ಕ ಹಾಕಿದರು. ನೂರ ಇಪ್ಪತ್ತು ಬಂತು. ಕಾರ್ಪೆಟ್ ಏರಿಯಾ ಇನ್ನೂರ ತೊಂಬತ್ತೇಳು. ತಮ್ಮ ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟ. ಅಕ್ಕ ಅವನ ಬೆನ್ನ ಮೇಲೆ ಕೈಯಿಟ್ಟು, ‘ಹಾಳೆ ನೆನೀತದೆ ಕಣೋ, ಏಳು,’ ಎಂದಳು.

ಇಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಆ ಕೆಂಪು ಪೆನ್ಸಿಲ್ ಎಲ್ಲಿ ನಿಲ್ಲುತ್ತದೆ? ವಾರದೊಳಗೆ ಅವಳಿಗೆ ಕಳವಳ ಶುರುವಾಯಿತು. ಬಟ್ಟೆ ಅಂಗಡಿಯವನ ಗೂಡನ್ನು ಅವಳೇ ನೆಲವೆಂದು ಎಣಿಸಿ ನಕ್ಷೆ ವಾಪಸು ಕಳಿಸಿದ್ದಳು. ನಾಳೆ ತೀರ್ಪುಗಾರರಲ್ಲಿ ತನ್ನಂಥವಳು ಒಬ್ಬಳಿದ್ದರೆ? ಗೂಡುಗಳನ್ನೂ ಸೇರಿಸಿ ಎಣಿಸಿದರೆ ನಾನೂರ ಎಂಬತ್ತಾಗುತ್ತದೆ, ಮೊದಲ ಸುತ್ತಿನಲ್ಲೇ ಕಸದ ಬುಟ್ಟಿ. ಅನುಮಾನವಿದ್ದವರು ಪ್ರಶ್ನೆ ಬರೆದು ಕೇಳಬಹುದೆಂದು ಪುಸ್ತಕದಲ್ಲೇ ಇತ್ತು. ಗುರುವಾರ ಸಂಜೆ ಐದರವರೆಗೆ ಗಡುವು. ಆದರೆ ಯಾರು ಏನೇ ಕೇಳಲಿ, ಪ್ರಶ್ನೆಯೂ ಉತ್ತರವೂ ಎಲ್ಲ ಸ್ಪರ್ಧಿಗಳಿಗೂ ಹೋಗುತ್ತದೆ. ಸ್ಪರ್ಧಿಗಳು ಎಂಬತ್ತು.

‘ಕೇಳ್ಬೇಡ,’ ಎಂದ ತಮ್ಮ. ‘ಕೇಳಿದ್ರೆ ಎಂಬತ್ತು ಜನದ ಕೈಗೂ ನಮ್ಮ ಗೂಡು ಇಟ್ಟ ಹಾಗೆ. ಸುಮ್ನೆ ಹಾಕೋಣ. ನೋಡಿದ ತಕ್ಷಣ ಬೆರಗಾಗ್ತಾರೆ, ಅಳತೆ ಹಿಡಿಯೋದು ಮರೀತಾರೆ.’

‘ನಾನು ಒಂದು ದಿನಾನಾದ್ರೂ ಬೆರಗಾಗಿ ಅಳತೆ ಮರೆತಿದೀನಾ?’

‘ಎಲ್ರೂ ನಿನ್ನ ಹಾಗಿರಲ್ಲ ಮಾರಾಯ್ತಿ!’

‘ಒಬ್ಬಳಿದ್ರೆ ಸಾಕು. ಅಮ್ಮನ ಜಾಗ ಕಣೋ ಅದು. ಅನುಮಾನದ ಮೇಲೆ ಕಟ್ಟೋಕಾಗಲ್ಲ.’

ಕೊನೆಗೆ ಒಂದು ಒಪ್ಪಂದ ಆಯಿತು. ಪ್ರಶ್ನೆ ಕೇಳುವುದು, ಆದರೆ ಗುಟ್ಟು ಬಿಡದ ಹಾಗೆ. ಮಾತು ಹೇಗೆ ಹೆಣೆಯಬೇಕೆಂದು ಅಕ್ಕನಿಗಿಂತ ಚೆನ್ನಾಗಿ ಬಲ್ಲವರು ಯಾರು? ಜೀವನವಿಡೀ ಅದೇ ಕೆಲಸ. ಗುರುವಾರ ಮಧ್ಯಾಹ್ನ ಆಫೀಸಿನ ಊಟದ ಬಿಡುವಿನಲ್ಲಿ ಬರೆದಳು: ‘ಗೋಡೆಯ ದಪ್ಪದೊಳಗೆ ಸಾಮಾನಿಡಲು ಮಾಡಿದ ಗೂಡುಗಳು ಕಾರ್ಪೆಟ್ ಏರಿಯಾಕ್ಕೆ ಸೇರುತ್ತವೆಯೇ?’ ತಮ್ಮನಿಗೆ ಫೋನಿನಲ್ಲಿ ಓದಿ ಹೇಳಿದಳು. ಅವನು ‘ಭೇಷ್, ಕಳಿಸು,’ ಎಂದ. ಮಲಗುವುದರ ಸುಳಿವೇ ಇಲ್ಲ.

ಕಳಿಸುವ ಮುನ್ನ ಇನ್ನೊಮ್ಮೆ ಓದಿದಳು. ಓದಿದವಳಿಗೆ ತಡೆಯಲಾಗಲಿಲ್ಲ. ಸಾಮಾನಿನ ಗೂಡು ಸೇರುವುದಿಲ್ಲ ಎಂದು ಉತ್ತರ ಕೊಟ್ಟು, ನಾಳೆ ‘ಅದು ಸಾಮಾನಿಗೆ ಹೇಳಿದ್ದು, ಮನುಷ್ಯರಿಗಲ್ಲ’ ಎಂದರೆ? ಇಂಥ ಸಂದಿಯನ್ನು ಅವಳು ಯಾರ ನಕ್ಷೆಯಲ್ಲೂ ಬಿಟ್ಟವಳಲ್ಲ. ಕೊನೆಯಲ್ಲಿ ಒಂದು ಸಾಲು ಸೇರಿಸಿದಳು: ‘ಗೂಡಿನ ಬಳಕೆ ಬೇರೆಯಾದರೆ ಉತ್ತರವೂ ಬೇರೆಯಾಗುತ್ತದೆಯೇ?’ ಸಂಜೆ ನಾಲ್ಕೂವರೆಗೆ ಕಳಿಸಿದಳು. ತಮ್ಮನಿಗೆ ಮತ್ತೆ ಫೋನು ಮಾಡಲಿಲ್ಲ. ಇಷ್ಟು ಸಣ್ಣದಕ್ಕೆ ಏನು ಫೋನು ಎಂದುಕೊಂಡಳು.

ಎಂಟು ದಿನಕ್ಕೆ ಉತ್ತರಗಳು ಬಂದವು. ಹದಿನೇಳನೇ ಪ್ರಶ್ನೆ ಅವರದ್ದು. ಉತ್ತರ ಬರೆದ ಮಹಾಶಯ ಯಾರೋ ಬಹಳ ಉಪಕಾರಿ ಮನುಷ್ಯ. ಅವನ ಉಪಕಾರಕ್ಕಿಷ್ಟು ಬೆಂಕಿ ಹಾಕ! ‘ಗೂಡಿನ ತಳ ನೆಲದಿಂದ ಕನಿಷ್ಠ ನಲವತ್ತೈದು ಸೆಂಟಿಮೀಟರ್ ಎತ್ತರದಲ್ಲಿದ್ದರೆ ಅದು ಕಾರ್ಪೆಟ್ ಏರಿಯಾಕ್ಕೆ ಸೇರುವುದಿಲ್ಲ. ಸಾಮಾನಿಡಲು, ಕೂರಲು, ಮಲಗಲು, ಯಾವ ಬಳಕೆಗಾದರೂ ಇದೇ ಉತ್ತರ.’

ಮಲಗಲು. ತಮ್ಮ ಆ ಪದದ ಮೇಲೆ ಬೆರಳಿಟ್ಟ. ಆಮೇಲೆ ಪ್ರಶ್ನೆಯನ್ನು ಓದಿದ, ಕೊನೆಯ ಸಾಲಿಗೆ ಬಂದ.

‘ಈ ಬಾಲ ಎಲ್ಲಿಂದ ಬಂತು?’

ಅಕ್ಕ ಹಾಳೆಯನ್ನು ತನ್ನ ಕಡೆ ಎಳೆದುಕೊಂಡಳು.

‘ಫೋನಲ್ಲಿ ಓದಿದಾಗ ಇರ್ಲಿಲ್ಲ. ಎಲ್ಲಿಂದ ಬಂತು ಅಂತ ಕೇಳ್ತಿದೀನಿ.’

‘ಸಂದಿ ಉಳಿದಿತ್ತು ಕಣೋ…’

‘ಸಂದಿ!’ ಅವನ ದನಿಗೆ ಕೆಳಗಿನ ಟೈರು ಅಂಗಡಿಯವನು ಮೇಲೆ ತಲೆಯೆತ್ತಿ ನೋಡಿದನಂತೆ. ‘ಅಮ್ಮಂಗೆ ಒಂದಡಿ ಸಂದಿ ಸಿಗ್ಲಿಲ್ಲ. ನಿನಗೆ ಕಾಗದದಲ್ಲಿ ಸಂದಿ ಉಳೀಬಾರ್ದು. ನಿನ್ನ ಕೈಯಾರೆ ಎಂಬತ್ತು ಜನಕ್ಕೆ ಹಂಚಿದೆ. ನೀನೇ ಹಂಚಿದೆ ಅಕ್ಕ.’

ಅವಳು ಅಳುತ್ತಾ ಮೆಟ್ಟಿಲಿಳಿದಳು. ಸ್ಪರ್ಧೆಗೆ ಅವನು ಹಾಳೆ ಕಳಿಸಿದ, ಆದರೆ ಅವಳೊಂದಿಗೆ ಮಾತು ಬಿಟ್ಟ.

ಎರಡು ತಿಂಗಳ ಮೇಲೆ ಫಲಿತಾಂಶ, ಎಂಬತ್ತೂ ವಿನ್ಯಾಸಗಳ ಪ್ರದರ್ಶನ. ಅಕ್ಕ ಒಬ್ಬಳೇ ಹೋದಳು. ಉದ್ದನೆಯ ಹಾಲಿನಲ್ಲಿ ಸಾಲಾಗಿ ಹಲಗೆಗಳು, ಹೆಸರಿಲ್ಲ, ಬರೀ ನಂಬರು. ಮೊದಲನೆಯದರಲ್ಲಿ ಗೂಡು ಕಂಡಳು. ನಾಲ್ಕನೆಯದರಲ್ಲಿ ಗೂಡು. ಏಳರಲ್ಲಿ ದುಂಡನೆಯ ಗೂಡು, ಒಂಬತ್ತರಲ್ಲಿ ಬಣ್ಣದ ಗೂಡು. ಎಣಿಸಬಾರದೆಂದುಕೊಂಡರೂ ಅವಳ ಕಣ್ಣು ಎಣಿಸುವ ಕಣ್ಣು. ಮೂವತ್ತೊಂದು. ಅವಳ ಒಂದು ಮಧ್ಯಾಹ್ನದ ಯೋಚನೆ ಮೂವತ್ತೊಂದು ಜನರ ಕೈಯಲ್ಲಿ ನಗುತ್ತಾ ನಿಂತಿತ್ತು. ತಮ್ಮನದು ಐವತ್ತೆರಡನೇ ಹಲಗೆ, ಕಂಬದ ಮರೆಯಲ್ಲಿ. ಕೆಳಗೆ ತೀರ್ಪುಗಾರರ ಷರಾ: ‘ಗೂಡಿನ ಕಲ್ಪನೆ ಹಲವರಲ್ಲಿ ಕಂಡುಬಂದಿದೆ. ಇಲ್ಲಿ ಹೊಸತೇನಿಲ್ಲ.’

ಅಲ್ಲೇ ಗೋಡೆಗೊರಗಿ ಕೂತಳು. ಕೂಗಿ ಹೇಳೋಣವೆನ್ನಿಸಿತು, ಇದು ನಮ್ಮದು, ಇದು ನನ್ನಮ್ಮನದು ಎಂದು. ಹೇಳಿದರೆ ನಂಬುವವರು ಯಾರು? ಹೇಳುವ ಹಾಗೂ ಇಲ್ಲ. ಪ್ರಶ್ನೆ ಕೇಳಿದವರ ಹೆಸರು ಗುಟ್ಟು, ಅದೂ ನಿಯಮ.

ಆಮೇಲಿನ ಮೂರು ತಿಂಗಳು ಅವಳು ಹೇಗೆ ಬದುಕಿದಳೋ. ಭಾನುವಾರ ತಮ್ಮನ ಮನೆ ಬಾಗಿಲಿಗೆ ಹೋಗುವಳು, ಅವನು ಒಳಗಿದ್ದೂ ತೆಗೆಯುತ್ತಿರಲಿಲ್ಲ. ಎಳೆದು ಹಾಕುವ ಕಾಲಿನ ಸದ್ದು ಹೊರಗೆ ಕೇಳುತ್ತಿತ್ತು. ಆಫೀಸಿನಲ್ಲಿ ಎತ್ತಿದ ಕೆಂಪು ಪೆನ್ಸಿಲನ್ನು ಗೆರೆ ಎಳೆಯದೆ ಕೆಳಗಿಡುತ್ತಿದ್ದಳು. ಅಮ್ಮನನ್ನು ಎರಡನೇ ಸಲ ಮೆಟ್ಟಿಲ ಕೆಳಗೆ ಬಿಟ್ಟು ಬಂದಂತೆ ಅನ್ನಿಸುತ್ತಿತ್ತು ಅವಳಿಗೆ, ಈ ಸಲ ಬಿಟ್ಟವಳು ತಾನೇ.

ಆಗ ಬಂತು ನೋಡಿ, ಗೆದ್ದವರ ನಕ್ಷೆ, ಮಂಜೂರಾತಿಗೆ, ನೇರ ಅವಳ ಮೇಜಿಗೆ.

ಅವಳು ಸಾಹೇಬರ ಬಳಿ ಓಡಿದಳು. ‘ಸರ್, ಇದನ್ನ ಬೇರೆಯವರಿಗೆ ಕೊಡಿ. ನನ್ನ ತಮ್ಮ ಈ ಸ್ಪರ್ಧೇಲಿ ಸೋತಿದಾನೆ.’

‘ಸ್ಪರ್ಧೆ ಮುಗೀತಲ್ಲಮ್ಮ. ಈ ಆಫೀಸಲ್ಲಿ ಗೋಡೆ ಅಳೆಯೋಕೆ ಬರೋರು ಇನ್ಯಾರಿದಾರೆ? ವರ್ಷದ ಕೊನೆಯೊಳಗೆ ಮಂಜೂರು ಆಗ್ದಿದ್ರೆ ದಾನಿಗಳು ಕೈ ಬಿಡ್ತಾರಂತೆ. ಬೇಗ ನೋಡಿ,’ ಎಂದರು ಸಾಹೇಬರು, ತಲೆಯೆತ್ತದೆ.

ನಕ್ಷೆ ಬಿಚ್ಚಿದಳು. ಚೆಂದವಿತ್ತು. ಹೊಟ್ಟೆ ಉರಿಯುವಷ್ಟು ಚೆಂದವಿತ್ತು. ಆದರೆ ಗೂಡು ನೂರ ಇಪ್ಪತ್ತಲ್ಲ, ನೂರ ಐವತ್ತು! ಮೂವತ್ತು ಜಾಸ್ತಿ ಎಲ್ಲಿಂದ ಬಂತು? ಅಳತೆಪಟ್ಟಿ ಇಟ್ಟು ನೋಡಿದಳು. ಗೂಡಿನ ಉದ್ದ ಐದೇ ಅಡಿ. ಪಕ್ಕದಲ್ಲಿ ನಾಜೂಕಾಗಿ ಬರೆದಿತ್ತು, ‘ಒರಗು ಗೂಡು’ ಎಂದು. ಮಲಗುವ ವ್ಯವಸ್ಥೆ ಇರಬೇಕೆಂದು ಪುಸ್ತಕ ಹೇಳಿತ್ತೇ ಹೊರತು ನೆಟ್ಟಗೆ ಮಲಗಬೇಕೆಂದು ಎಲ್ಲೂ ಹೇಳಿರಲಿಲ್ಲ. ಅವಳು ಗೋಡೆಯಲ್ಲಿ ಸಂದಿ ಹುಡುಕಿದ ಹಾಗೆ ಇವರು ಮಲಗುವ ಮಾತಿನಲ್ಲೇ ಸಂದಿ ಹುಡುಕಿದ್ದರು. ತೀರ್ಪುಗಾರರು ಮೂವತ್ತು ಹಾಸಿಗೆ ಹೆಚ್ಚು ಬಂತೆಂದು ಹೊಗಳಿದ್ದರು.

ಇನ್ನೊಂದೂ ಕಣ್ಣಿಗೆ ಬಿತ್ತು. ಉತ್ತರದ ಸಾಲಿನಲ್ಲಿ ಇಳಿಜಾರಿನ ನೆಲದಿಂದಾಗಿ ಗೂಡಿನ ತಳ ನಲವತ್ಮೂರು ಸೆಂಟಿಮೀಟರ್. ಎರಡು ಕಡಿಮೆ. ಬಿಗಿಯಾಗಿ ಹಿಡಿದರೆ ಆ ಸಾಲೆಲ್ಲ ನೆಲದ ಲೆಕ್ಕಕ್ಕೆ ಬಂದು ಮಿತಿ ಮೀರುತ್ತದೆ. ನಕ್ಷೆ ತಿರಸ್ಕಾರ. ತಿರಸ್ಕಾರವಾದರೆ ಮೊದಲಿಂದ ಹೊಸ ಅರ್ಜಿ, ಅದು ದಾಟಿ ಬರುವ ಹೊತ್ತಿಗೆ ವರ್ಷ ಮುಗಿದಿರುತ್ತದೆ.

ಯಾರು ಹೇಳಿದರೋ, ಮಧ್ಯಾಹ್ನ ತಮ್ಮನ ಫೋನು. ಐದು ತಿಂಗಳಲ್ಲಿ ಮೊದಲ ಮಾತು.

‘ನಿನ್ನ ಮೇಜಿಗೆ ಬಂದಿದೆಯಂತೆ.’

‘ಬಂದಿದೆ.’

‘ತಪ್ಪು ಸಿಕ್ಕಿರ್ಬೇಕಲ್ಲ ನಿನಗೆ. ಯಾವತ್ತೂ ಸಿಗದೇ ಇರಲ್ಲ.’

‘ಸಿಕ್ಕಿದೆ. ಎರಡು ಸೆಂಟಿಮೀಟರ್.’

‘ಹೊಡೆದು ಹಾಕು ಅಕ್ಕ. ನಾವು ಕಟ್ಟಲಿಲ್ಲ ಅಂದ್ರೆ ಅಲ್ಲಿ ಯಾರೂ ಕಟ್ಟೋದು ಬೇಡ.’

ಅವಳಿಗೂ ಅದೇ ಬೇಕಿತ್ತು. ಸುಳ್ಳು ಯಾಕೆ ಹೇಳಬೇಕು, ಕೆಂಪು ಪೆನ್ಸಿಲ್ ಕೈಯಲ್ಲೇ ಇತ್ತು. ಒಂದು ಗೆರೆ ಎಳೆದರೆ ಸಾಕು, ನಿಯಮದ ಪ್ರಕಾರವೇ, ಯಾರೂ ಬೆರಳೆತ್ತುವಂತಿರಲಿಲ್ಲ. ಕೆಲಸ ಬಿಟ್ಟಮೇಲೆ ನೆಟ್ಟಗೆ ದೊಡ್ಡಾಸ್ಪತ್ರೆಗೆ ಹೋದಳು. ಮೆಟ್ಟಿಲ ಕೆಳಗೆ ಯಾರೋ ಒಬ್ಬ ಮುದುಕಿ ಚಾಪೆ ಬಿಡಿಸುತ್ತಿದ್ದಳು. ಅಕ್ಕನನ್ನು ಕಂಡು ಜಾಗ ಕಿತ್ತುಕೊಳ್ಳಲು ಬಂದವಳೆಂದು ತಿಳಿದು, ಗಂಟನ್ನು ತಬ್ಬಿಕೊಂಡು, ‘ಇದು ನಂದು, ಹನ್ನೊಂದು ದಿನದಿಂದ ನಾನಿದೀನಿ,’ ಎಂದಳು. ‘ನಿಮ್ದೇ ಅಮ್ಮಾ, ನಿಮ್ದೇ,’ ಎಂದು ಅಕ್ಕ ಹಿಂದೆ ಸರಿದಳು.

ಮಾರನೆಯ ದಿನ ಅವಳು ಆ ಎರಡು ಸೆಂಟಿಮೀಟರು ಬಿಟ್ಟಳು, ಅದನ್ನು ತಿದ್ದುಪಡಿ ಎಂದು ಬರೆದರೆ ಆಯಿತು. ಬೇರೆಯದನ್ನು ಹುಡುಕತೊಡಗಿದಳು. ಮಲಗುವ ಮನುಷ್ಯನಿಗೆ ಇಷ್ಟುದ್ದ ಜಾಗ ಕೊಡಲೇಬೇಕೆಂದು ಕಟ್ಟಡ ನಿಯಮಾವಳಿಯಲ್ಲಿ ಎಲ್ಲಾದರೂ ಇದೆಯೇ? ಆರುನೂರು ಪುಟ. ಕಾರು ನಿಲ್ಲಿಸಲು ಎಷ್ಟುದ್ದ ಬೇಕೆಂದು ಇತ್ತು. ಹಸು ಕಟ್ಟಲು ಎಷ್ಟು ಎಂದಿತ್ತು. ಮನುಷ್ಯನಿಗೆ ಇರಲಿಲ್ಲ. ಮೂರನೇ ದಿನ ಸಿಕ್ಕಿತು, ಪೊಲೀಸ್ ಲಾಕಪ್ಪಿನ ಅಧ್ಯಾಯದಲ್ಲಿ: ‘ಸಾರ್ವಜನಿಕ ಕಟ್ಟಡದಲ್ಲಿ ಗೋಡೆಗೆ ಕೂಡಿಸಿ ಕಟ್ಟಿದ ಮಲಗುವ ಕಟ್ಟೆಯು ಆರೂಕಾಲು ಅಡಿಗೆ ಕಡಿಮೆ ಇರಕೂಡದು.’ ತಲೆಬರಹ ಲಾಕಪ್ಪಿನದು. ಸಾಲಿನಲ್ಲಿ ಮಾತ್ರ ಲಾಕಪ್ ಎಂಬ ಪದವಿಲ್ಲ. ಇಪ್ಪತ್ತೆರಡು ವರ್ಷ ಬೇರೆಯವರ ಇಂಥ ಚಾಲಾಕಿಗೆ ಗೆರೆ ಎಳೆದವಳು ಅಂದು ತಾನೇ ಅದನ್ನು ಮಾಡಿದಳು.

ಗೆದ್ದ ಆರ್ಕಿಟೆಕ್ಟ್ ಬಂದ. ಚುರುಕು ಮನುಷ್ಯ, ನಗುಮುಖ. ಆಕ್ಷೇಪಣೆ ಓದಿ ನಗು ಹೋಯಿತು.

‘ಮೇಡಂ, ಇದು ಲಾಕಪ್ ನಿಯಮ!’

‘ಲಾಕಪ್ಪಲ್ಲಿರೋರಿಗೆ ಕಾಲಿರುತ್ತೆ, ಹೊರಗಿರೋರಿಗೆ ಇರಲ್ವಾ?’

‘ಆರೂಕಾಲು ಮಾಡಿದ್ರೆ ನೂರ ಐವತ್ತು ನೂರ ಇಪ್ಪತ್ತಕ್ಕಿಳಿಯುತ್ತೆ. ಮೂವತ್ತು ಜನ ಹೊರಗುಳೀತಾರೆ ಮೇಡಂ. ಅದು ಸರಿನಾ?’

‘ನಿಮ್ಮ ಪುಸ್ತಕದಲ್ಲಿ ಕೇಳಿದ್ದು ನೂರ ಇಪ್ಪತ್ತು,’ ಎಂದಷ್ಟೇ ಹೇಳಿ ಬೇರೆ ಕಡೆ ನೋಡಿದಳು.

ಅವನು ಒಳ್ಳೆಯವನೇ. ಸ್ವಲ್ಪ ಹೊತ್ತು ಗೊಣಗಿ, ಆಯಿತು ತಿದ್ದಿ ತರುತ್ತೇನೆಂದು ಹಾಳೆ ಸುತ್ತತೊಡಗಿದ. ಸುತ್ತುತ್ತಾ ತಾನಾಗಿ ಹೇಳಿದ: ‘ನಿಜ ಹೇಳ್ಬೇಕಂದ್ರೆ ಗೂಡು ನಮ್ದಲ್ಲ ಮೇಡಂ. ತಿಂಗಳುಗಟ್ಲೆ ತಲೆ ಚಚ್ಕೊಂಡು ಬಿಟ್ಟೇ ಬಿಟ್ಟಿದ್ವಿ. ಯಾರೋ ಪುಣ್ಯಾತ್ಮ ಹದಿನೇಳನೇ ಪ್ರಶ್ನೆ ಕೇಳಿದ್ದ. ಅವನು ಸಿಕ್ಕಿದ್ರೆ ಕಾಲಿಗೆ ಬೀಳ್ಬೇಕು.’

ಅಕ್ಕ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು, ಒರೆಸುತ್ತಲೇ ಇದ್ದಳು. ‘ಉದ್ದ ಮಾತ್ರ ಕಮ್ಮಿ ಮಾಡ್ಬೇಡಿ,’ ಎಂದಳು. ‘ನಮ್ಮಮ್ಮ ಅಲ್ಲಿ ಮಂಡಿ ಮಡಚ್ಕೊಂಡು ಸತ್ಲು. ನಾನು ಒತ್ತಿದ್ರೂ ನೆಟ್ಟಗಾಗ್ಲಿಲ್ಲ.’ ಅವನು ಸುತ್ತಿದ ಹಾಳೆ ಹಿಡಿದುಕೊಂಡು ನಿಂತೇ ಇದ್ದ.

ತಿದ್ದಿದ ನಕ್ಷೆ ವಾರದಲ್ಲಿ ಬಂತು. ಎಲ್ಲ ಅಳೆದು, ಕೆಳಗಿನ ಮೂಲೆಯಲ್ಲಿ ‘ಪರಿಶೀಲಿಸಿದೆ’ ಎಂಬಲ್ಲಿ ತನ್ನ ಸಣ್ಣ ಸಹಿ ಹಾಕಿದಳು. ಆಮೇಲೆ ತಮ್ಮನಿಗೆ ಫೋನು ಮಾಡಿದಳು. ಎತ್ತಿದ.

‘ಹೊಡೆದು ಹಾಕಿದ್ಯಾ?’

‘ಇಲ್ಲ. ಉದ್ದ ಮಾಡಿಸ್ದೆ. ಆರೂಕಾಲು. ನಮ್ಮ ಅಳತೆ.’

‘ಎಷ್ಟು ಗೂಡು ಉಳೀತು?’

‘ನೂರ ಇಪ್ಪತ್ತು.’

‘ಮೂವತ್ತು ಹೋಯ್ತು ಹಾಗಾದ್ರೆ. ಅಕ್ಕ, ಅಮ್ಮ ಇದ್ದಿದ್ದು ನಾಲ್ಕಡಿ ಹತ್ತಿಂಚು ಎತ್ತರ. ಐದಡಿ ಗೂಡಲ್ಲಿ ಆರಾಮಾಗಿ ಮಲಗ್ತಿದ್ಲು. ನೀನು ತೆಗೆದ ಮೂವತ್ತರಲ್ಲಿ ಅವಳೊಬ್ಬಳಾಗಿದ್ರೆ?’

‘ಹಾಗೆ ಕೇಳ್ಬೇಡ್ವೋ,’ ಎಂದಳು ಅವಳು. ಆಫೀಸೆಂದೂ ನೋಡದೆ ಗಟ್ಟಿಯಾಗಿ ಅತ್ತುಬಿಟ್ಟಳು. ‘ಅದನ್ನೊಂದು ಕೇಳ್ಬೇಡ.’

‘ಕೇಳಲ್ಲ ಬಿಡು. ಪ್ರಶ್ನೆ ಕೇಳೋದು ನಿನ್ನ ಕೆಲಸ,’ ಎಂದ ತಮ್ಮ. ಅವನೂ ಅಳುತ್ತಿದ್ದ. ‘ಸಂಜೆ ಬರ್ತೀನಿ. ನಮ್ಮ ಹಾಳೆ ತರ್ತೀನಿ.’

ಬಂದ, ಕಾಲೆಳೆದುಕೊಂಡು, ಐವತ್ತೆರಡನೇ ನಂಬರಿನ ಹಾಳೆಗಳನ್ನು ಬಗಲಲ್ಲಿ ಇಟ್ಟುಕೊಂಡು. ಊಟದ ಮೇಜು ಖಾಲಿ ಮಾಡಿ ಬಿಚ್ಚಿದರು. ಮೂವತ್ತು ಜನ ಹೊರಗುಳಿದಿದ್ದಾರೆ, ಮಿತಿಯಲ್ಲಿ ಮೂರು ಚದರ ಮೀಟರ್ ಉಳಿದಿದೆ. ಜಾಗ ಸಿಕ್ಕಿದರೆ ಆ ಗೆದ್ದವನಿಗೇ ಹೇಳಿಬಿಡೋಣ, ಹೆಸರು ಯಾರದ್ದಾದರೂ ಇರಲಿ ಎಂದಳು ಅಕ್ಕ. ತಮ್ಮ ಹೂಂಗುಟ್ಟಿದ. ಕಿಟಕಿಯ ಕೆಳಗೆ ನೋಡಿದರು, ಮೆಟ್ಟಿಲಿನ ಮಗ್ಗುಲಲ್ಲಿ ನೋಡಿದರು, ನೀರಿನ ತೊಟ್ಟಿಯ ಹಿಂದೆ ನೋಡಿದರು. ಒಬ್ಬರು ತೋರಿಸಿದ್ದನ್ನು ಇನ್ನೊಬ್ಬರು ಅಳೆದು ಬೇಡವೆಂದರು. ಆ ಸಂಜೆ ಮೂವತ್ತು ಜನರಲ್ಲಿ ಒಬ್ಬರಿಗೂ ಜಾಗ ಸಿಗಲಿಲ್ಲ.